ಓಡುವ ಗಾಡಿಗೆ ಒಪ್ಪುವ ಅಲಂಕಾರ

ಮಾಘ ಶುದ್ಧ ಸಪ್ತಮಿಯಂದು ಹೇಮಾವತಿಯ ದಂಡೆಯ ಹೇಮಗಿರಿಯಲ್ಲಿ ಕಲ್ಯಾಣ ವೆಂಕಟರಮಣಸ್ವಾಮಿಯ ತೇರು ಹರಿಯುತ್ತದೆ. ಅದೇ ದಿನ ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿಯ ರಥ ಬೀದಿಗಿಳಿಯುತ್ತದೆ, ಮೇಲುಕೋಟೆಯಲ್ಲಿ ಚೆಲುವನಾರಾಯಣನ ಉತ್ಸವದ ಮುಂದೆ ಜನಪದ ಕಲಾವಿದರು ಸಾಲುಗಟ್ಟುತ್ತಾರೆ. ಒಂದೇ ದಿನ, ಮಂಡ್ಯವೆಂಬ ಒಂದೇ ಜಿಲ್ಲೆಯ ಎಲ್ಲೆಯೊಳಗೆ, ಇಷ್ಟು ಕಡೆಗಳಲ್ಲಿ ಚಲಿಸುವ ವಸ್ತುವನ್ನು ಶೃಂಗರಿಸಿ ಕಣ್ತುಂಬ ನೋಡುವ ಸಂಪ್ರದಾಯವುಳ್ಳ ಸೀಮೆ ನಾಡಿನಲ್ಲಿ ಬಹಳವಿಲ್ಲ. ಹೇಮಗಿರಿಯಲ್ಲಂತೂ ತೇರಿನೊಡನೆ ದನಗಳ ಜಾತ್ರೆಯೂ ಕೂಡುವುದರಿಂದ, ದೇವರ ರಥಕ್ಕೆ ಸಲ್ಲುವ ಅಲಂಕಾರದ ಉತ್ಸಾಹವು ಹಳ್ಳಿಕಾರ್ ರಾಸುಗಳ ಕೊಂಬಿಗೂ, ಅವು ಎಳೆಯುವ ಗಾಡಿಯ ನೊಗಕ್ಕೂ, ಇತ್ತೀಚಿನ ವರ್ಷಗಳಲ್ಲಿ ಟ್ರ್ಯಾಕ್ಟರಿನ ಮೂತಿಗೂ ಹರಿದು ಬಂದಿದೆ. ಈ ಉತ್ಸಾಹವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ನಿಂತ ಮಂಟಪವನ್ನು ಅಲಂಕರಿಸುವ ಕ್ರಮದಲ್ಲಿಯೇ ಓಡುವ ಗಾಡಿಯನ್ನೂ ಅಲಂಕರಿಸುವ ಅಭ್ಯಾಸವೊಂದು ನಮ್ಮಲ್ಲಿ ಬೆಳೆಯುತ್ತಿರುವುದನ್ನು ಕಂಡು, ಅದು ಅಪಾಯಕರವೆಂದೂ, ಅದನ್ನು ತಿದ್ದಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆಯೆಂದೂ ಹೇಳುವುದು ಈ ಲೇಖನದ ಉದ್ದೇಶ.

ಜೋಡೆತ್ತಿನ ಗಾಡಿ ಓಟವು ಮಂಡ್ಯ ಜಿಲ್ಲೆಯ ಹಳ್ಳಿಗಳಿಗೆ ಹೊಸದಲ್ಲ. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನೊಡನೆ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿದಾಗ ಇಲ್ಲಿನ ರೈತರು ಖಿನ್ನರಾದರು. ನಮ್ಮ ವಿಧಾನಮಂಡಲವು 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೀಗೆ ನ್ಯಾಯಾಲಯದ ಮುಂದೆ ವರ್ಷಗಟ್ಟಲೆ ನಿಂತು ಉಳಿಸಿಕೊಂಡ ಕ್ರೀಡೆಯನ್ನು ನಾವು ಎಷ್ಟು ಎಚ್ಚರದಿಂದ ನಡೆಸಬೇಕಾಗಿತ್ತೋ ಅಷ್ಟು ಎಚ್ಚರವು ಎಲ್ಲೆಡೆ ಕಾಣುತ್ತಿಲ್ಲ. ಓಟಕ್ಕೆ ಬರುವ ಗಾಡಿ ಬಹುಮಟ್ಟಿಗೆ ಬಡವನ ಗಾಡಿ: ಹಳೆಯ ಚೌಕಟ್ಟು, ಹಗುರಾದ ಚಕ್ರ, ಊರಿನ ಕಮ್ಮಾರ ಬಡಗಿಗಳ ಕೈಕೆಲಸ, ಗೆಳೆಯರು ಕೂಡಿಸಿದ ಚಂದಾಹಣ. ಅದನ್ನು ನೋಡುವಂತೆ ಮಾಡಬೇಕೆಂಬ ಆಸೆಯಿಂದ ತರುಣರು ಮುಂದೆ ನೆಚ್ಚಿನ ನಟನದೋ ನಾಯಕನದೋ ಫ್ಲೆಕ್ಸ್ ಕಟ್ಟುತ್ತಾರೆ, ಹಿಂದೆ ರಟ್ಟಿನ ಹುಲಿಯನ್ನೋ ಥರ್ಮಾಕೋಲಿನ ಗರುಡನನ್ನೋ ನಿಲ್ಲಿಸುತ್ತಾರೆ, ಗೂಟಕ್ಕೆ ಬಾವುಟದ ಬಿದಿರನ್ನು ಸಿಕ್ಕಿಸುತ್ತಾರೆ. ಮೆರವಣಿಗೆಯಲ್ಲಿ ಹೆಜ್ಜೆಯ ವೇಗದಲ್ಲಿ ಸಾಗುವವರೆಗೆ ಇದೆಲ್ಲವೂ ಸೊಗಸು. ಅದೇ ಗಾಡಿ, ಅದೇ ಅಲಂಕಾರವನ್ನು ಹೊತ್ತು, ಎರಡು ಕಡೆ ಜನ ಕಿಕ್ಕಿರಿದ ಕಣದಲ್ಲಿ ಓಡಲು ತೊಡಗಿತೆಂದರೆ, ಗಂಟು ಸಡಿಲವಾದ ಬಿದಿರು ಯಾರ ಮುಖಕ್ಕೆ ಬಂದೀತೆಂದು ಹೇಳಬಲ್ಲವರಿಲ್ಲ.

ಇದು ನಮ್ಮ ದೇಶದ ಬಡ ಹಳ್ಳಿಗಳಿಗೆ ಮಾತ್ರ ಸೇರಿದ ಸಮಸ್ಯೆಯೆಂದು ಭಾವಿಸಬಾರದು. ಅಮೆರಿಕದಲ್ಲಿ 2006ರಿಂದ '24 ಅವರ್ಸ್ ಆಫ್ ಲೆಮನ್ಸ್' ಎಂಬ ಹೆಸರಿನ ಕಾರುಗಳ ಓಟವೊಂದು ನಡೆದುಬಂದಿದೆ. ಅದರಲ್ಲಿ ಭಾಗವಹಿಸುವ ಕಾರಿನ ಬೆಲೆ 500 ಡಾಲರನ್ನು ಮೀರಕೂಡದೆಂಬುದು ಮೂಲ ನಿಬಂಧನೆ. ಗುಜರಿಗೆ ಹೋಗಬೇಕಾದ ಕಾರುಗಳನ್ನು ಗೆಳೆಯರ ಗುಂಪುಗಳು ರಿಪೇರಿ ಮಾಡಿ, ಒಂದೊಂದು ಕಥಾವಸ್ತುವಿಗೆ ತಕ್ಕಂತೆ ವೇಷ ತೊಡಿಸಿ ತರುವುದು ಅಲ್ಲಿನ ವಾಡಿಕೆ. ಪುಟ್ಟ ವಿಮಾನವೊಂದರ ಒಡಲನ್ನೇ ಹಳೆಯ ವ್ಯಾನಿನ ಚೌಕಟ್ಟಿನ ಮೇಲೆ ಕೂರಿಸಿ ಓಡಿಸಿದವರೂ ಅಲ್ಲಿದ್ದಾರೆ. ಆದರೆ ನಾವು ಗಮನಿಸಬೇಕಾದುದು ಆ ವೇಷವನ್ನಲ್ಲ, ಆ ಓಟದ ಒಂದು ನಿಯಮವನ್ನು: ಕಾರಿನ ಬೆಲೆಗೆ ಮಿತಿಯುಂಟು, ಚಾಲಕನನ್ನು ಕಾಪಾಡುವ ಉಕ್ಕಿನ ಪಂಜರ, ಬ್ರೇಕು, ಚಕ್ರ, ಟೈರು ಇವುಗಳ ವೆಚ್ಚವನ್ನು ಆ ಮಿತಿಯೊಳಗೆ ಲೆಕ್ಕಹಾಕುವುದಿಲ್ಲ. ಬಡತನವು ಗಾಡಿಯಲ್ಲಿ ಕಾಣಬಹುದು, ಭದ್ರತೆಯಲ್ಲಿ ಕಾಣಕೂಡದು ಎಂಬ ವಿವೇಕ ಇದರೊಳಗಿದೆ. ಪರಿಶೀಲನೆಯಾಗದ ಕಾರು ಅಲ್ಲಿ ಕಣಕ್ಕಿಳಿಯುವುದಿಲ್ಲ.

ಇಷ್ಟನ್ನು ಕಲಿಯಲು ಸಮುದ್ರ ದಾಟಬೇಕಾದ ಅಗತ್ಯವೂ ನಮಗಿಲ್ಲ. ಅಲಂಕಾರವನ್ನು ಚಲಿಸುವ ವಸ್ತುವಿಗೆ ಬಂಧಿಸುವ ವಿದ್ಯೆ ನಮ್ಮ ತೇರು ಕಟ್ಟುವವರ ಮನೆತನಗಳಲ್ಲಿ ತಲೆಮಾರುಗಳಿಂದ ಉಳಿದು ಬಂದಿದೆ. ಅದನ್ನು ಹತ್ತಿರದಿಂದ ನೋಡಿದವರಿಗೆ ಅದರ ಶಾಸ್ತ್ರೀಯತೆ ಅರಿವಾಗದಿರದು. ತೇರಿನ ಕೆಳಗಿನ ಮರದ ಭಾಗ ಶಿಲ್ಪಿಯ ಕೃತಿ, ಶಾಶ್ವತವಾದದ್ದು. ಮೇಲಿನ ಗೋಪುರಾಕೃತಿ ವರ್ಷವರ್ಷವೂ ಬಿದಿರು, ಮರ, ಹಗ್ಗ, ಬಟ್ಟೆಗಳಿಂದ ಹೊಸದಾಗಿ ಕಟ್ಟತಕ್ಕದ್ದು. ಆ ಕಟ್ಟಡದ ಪ್ರತಿಯೊಂದು ನೆಟ್ಟ ಬಿದಿರೂ ಕೆಳಗಿನ ತೊಲೆಯನ್ನು ಹಿಡಿದಿರುತ್ತದೆ. ಅಡ್ಡ ಬಿದಿರು ನೆಟ್ಟ ಬಿದಿರನ್ನು ಹಿಡಿದಿರುತ್ತದೆ. ಓರೆಯ ಬಿದಿರು ಇವೆರಡನ್ನೂ ಬಿಗಿದು ಇಡೀ ಆಕೃತಿ ಪಕ್ಕಕ್ಕೆ ವಾಲದಂತೆ ತಡೆಯುತ್ತದೆ. ಬಟ್ಟೆ, ಹೂವು, ತಳಿರು, ಬಾವುಟಗಳು ಕೊನೆಯಲ್ಲಿ ಈ ಬಿದಿರಿಗೆ ಕಟ್ಟಲ್ಪಡುತ್ತವೆಯೇ ಹೊರತು ಒಂದಕ್ಕೊಂದು ಜೋತುಬೀಳುವುದಿಲ್ಲ. ಯಾವ ಹಗ್ಗವನ್ನು ಹೇಗೆ ಬಿಗಿಯಬೇಕೆಂಬುದನ್ನು ಅವರಿಗೆ ಯಾವ ಪಠ್ಯಪುಸ್ತಕವೂ ಹೇಳಿಕೊಡಲಿಲ್ಲ. ತೇರು ಹರಿಯುವಾಗಲೂ, ಗಾಲಿಗೆ ತಡೆಯೊಡ್ಡುವ ಮರದ ಗೊದಮೊಟ್ಟೆ ಹಿಡಿದವರು ಚಕ್ರದ ಪಕ್ಕದಲ್ಲಿಯೇ ನಡೆಯುತ್ತಾರೆ, ಅವರ ಕಣ್ಣು ದೇವರ ಮೇಲಲ್ಲ, ಗಾಲಿಯ ಮೇಲೆ. ಆ ಕ್ಷಣದಲ್ಲಿ ಅದೇ ಅವರ ಪೂಜೆ. ವಾಹನೋತ್ಸವದಲ್ಲಿ ಉತ್ಸವಮೂರ್ತಿಯನ್ನು ಅಡ್ಡೆಯ ಮೇಲೆ ಬಂಧಿಸುವ ಅರ್ಚಕರ ಕೈಚಳಕವೂ ಇದೇ ಜಾತಿಯದು: ಹೊರುವವರು ಹೆಜ್ಜೆಗೆ ಹೆಜ್ಜೆ ಕುಣಿಸಿದರೂ, ವೈರಮುಡಿಯ ರಾತ್ರಿ ಮೇಲುಕೋಟೆಯ ಬೀದಿಗಳಲ್ಲಿ ಜನಸಾಗರ ಎತ್ತಿ ತಳ್ಳಿದರೂ, ಸ್ವಾಮಿಯ ಕಿರೀಟ ಕದಲುವುದಿಲ್ಲ. ಅಲಂಕಾರವೆಂಬುದು ಅಂದದ ಕೆಲಸವಾಗುವ ಮೊದಲು ಬಂಧನದ ಕೆಲಸವೆಂಬುದನ್ನು ಇವರೆಲ್ಲರೂ ಬಲ್ಲರು.

ಈ ತಿಳಿವನ್ನು ಮರೆತಾಗ ಏನಾಗುತ್ತದೆಂಬುದಕ್ಕೂ ನಿದರ್ಶನಗಳು ಕಣ್ಣ ಮುಂದಿವೆ. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಊರುಗಳಿಂದ ಬರುವ ಕುರ್ಜುಗಳೆಂಬ ತೇರುಗಳು ನೂರಡಿಯನ್ನೂ ಮೀರಿದ ಎತ್ತರದವು. ಎತ್ತುಗಳೂ ಟ್ರ್ಯಾಕ್ಟರುಗಳೂ ಅವನ್ನು ಎಳೆಯುತ್ತವೆ. ಊರಿಗೂರಿಗೂ ಎತ್ತರದಲ್ಲಿ ಸ್ಪರ್ಧೆ ಬೆಳೆದು, 2024ರ ಏಪ್ರಿಲ್‌ನಲ್ಲಿ ಒಂದು ತೇರು ವಾಲಿ ನೆಲಕ್ಕುರುಳಿತು. 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ಮತ್ತೆ ತೇರುಗಳು ಉರುಳಿ ಪ್ರಾಣಹಾನಿಯೇ ಆಯಿತು. ತಮಿಳುನಾಡಿನ ತಂಜಾವೂರಿನ ಬಳಿಯ ಕಳಿಮೇಡಿನಲ್ಲಿ 2022ರ ಏಪ್ರಿಲ್ 27ರ ನಸುಕಿನಲ್ಲಿ ಅಲಂಕೃತ ರಥದ ನೆತ್ತಿ ವಿದ್ಯುತ್ ತಂತಿಗೆ ತಾಗಿ 11 ಜನ ಮಡಿದರು, ಅವರಲ್ಲಿ ಮಕ್ಕಳೂ ಇದ್ದರು. ನಮ್ಮ ಗದಗ ಜಿಲ್ಲೆಯ ಸೂರಣಗಿಯಲ್ಲಿ 2024ರ ಜನವರಿಯಲ್ಲಿ ನಟನೊಬ್ಬನ ಜನ್ಮದಿನಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ಅದೇ ರೀತಿ ಸತ್ತರು. ಇಲ್ಲೆಲ್ಲ ಕೊಂದದ್ದು ಭಕ್ತಿಯಲ್ಲ, ಅಭಿಮಾನವೂ ಅಲ್ಲ. ಎತ್ತರವನ್ನು ಅಳೆಯದೆ, ಗಾಳಿಯನ್ನು ಗಣಿಸದೆ, ಮೇಲೆ ತಂತಿಯಿದೆಯೇ ಎಂದು ತಲೆಯೆತ್ತಿ ನೋಡದೆ ಕೆಲಸಕ್ಕೆ ಕೈಹಾಕಿದ ಅವಸರ.

ಎತ್ತಿನ ಗಾಡಿಯ ವಿಷಯದಲ್ಲಿ ಅಲಂಕಾರಕ್ಕೆ ಇನ್ನೊಂದು ಸೂಕ್ಷ್ಮವಿದೆ. ಯಂತ್ರದ ಗಾಡಿಗೆ ಅದಿಲ್ಲ. ಎರಡು ಚಕ್ರದ ಗಾಡಿ ತನ್ನ ಅಚ್ಚಿನ ಮೇಲೆ ತೂಗುವ ತಕ್ಕಡಿ. ಹೊರೆ ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂದಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರ ಹಿಂಭಾರಗಳ ಈ ಲೆಕ್ಕವನ್ನು ಕಬ್ಬು ಹೇರುವ ಪ್ರತಿಯೊಬ್ಬ ಗಾಡಿಯವನೂ ಬಲ್ಲ. ಅಚ್ಚಿನಿಂದ ನೊಗಕ್ಕೆ ಎಂಟಡಿಯೆಂದು ಇಟ್ಟುಕೊಂಡರೆ, ಅಚ್ಚಿನ ಹಿಂದೆ ನಾಲ್ಕಡಿ ದೂರದಲ್ಲಿ ನಿಲ್ಲಿಸಿದ 20 ಕಿಲೋ ತೂಕದ ಆಕೃತಿ ನೊಗವನ್ನು 10 ಕಿಲೋ ಬಲದಿಂದ ಮೇಲೆತ್ತುತ್ತದೆ. ನಿಂತ ಗಾಡಿಯಲ್ಲಿ ಇದು ಅಲ್ಪವೆಂದು ತೋರಬಹುದು. ಓಟದಲ್ಲಿ ಗಾಡಿ ಹಳ್ಳದಿಂದ ಹಳ್ಳಕ್ಕೆ ಕುಪ್ಪಳಿಸುವಾಗ ಆ ಬಲ ಹಲವು ಪಟ್ಟಾಗಿ, ಉಸಿರಿಗಾಗಿ ಕಷ್ಟಪಡುತ್ತಿರುವ ಎತ್ತಿನ ಗಂಟಲನ್ನು ಹೆಜ್ಜೆಹೆಜ್ಜೆಗೂ ಒತ್ತುತ್ತದೆ. ಕಬ್ಬಿನ ಹೊರೆಗೆ ತೋರುವ ವಿವೇಕವನ್ನು ಅಲಂಕಾರದ ಹೊರೆಗೂ ತೋರಬೇಕೆಂದಷ್ಟೇ ನನ್ನ ಬೇಡಿಕೆ: ಭಾರವಿದ್ದುದೆಲ್ಲ ಅಚ್ಚಿನ ನೇರಕ್ಕೆ, ಆದಷ್ಟು ತಗ್ಗಿನಲ್ಲಿ ಇರಲಿ.

ಎತ್ತಿಗೆ ಕಣ್ಣೂ ಕಿವಿಯೂ ಇರುವುದನ್ನು ಮರೆಯುವುದಂತೂ ಕ್ಷಮಿಸಲಾಗದ ತಪ್ಪು. ಕಿವಿಯ ಪಕ್ಕದಲ್ಲಿ ಪಟಪಟಿಸುವ ಪ್ಲಾಸ್ಟಿಕ್ ತೋರಣ, ಕಣ್ಣಿನ ಮುಂದೆ ಮಿನುಗುವ ಬೇಗಡೆ, ಓಡುವಾಗ ಕೊಂಬನ್ನು ಜಗ್ಗುವ ಭಾರದ ಅಣಸು, ಕಾಲಿಗೆ ಸುತ್ತಿಕೊಳ್ಳುವಷ್ಟು ಉದ್ದದ ಜೂಲು ಇವು ಪ್ರಾಣಿಯನ್ನು ಬೆದರಿಸುತ್ತವೆ. ಬೆದರಿದ ಜೋಡಿ ದಾರಿ ಬಿಟ್ಟು ಜನರ ಮೇಲೆ ಹರಿದರೆ ಅಪರಾಧ ಜೋಡಿಯದಲ್ಲ. ಹೈದರ್ ಟಿಪ್ಪುಗಳ ಸೈನ್ಯಕ್ಕೆ ವೇಗವನ್ನು ಕೊಟ್ಟ ಅಮೃತಮಹಲ್ ತಳಿಯ ಇತಿಹಾಸ ಶ್ರೀರಂಗಪಟ್ಟಣದ ಅರಸರಿಗೆ ಸೇರಿದ್ದು. ರಾಸುಗಳ ಗುಣವನ್ನು ಇಷ್ಟು ಸೂಕ್ಷ್ಮವಾಗಿ ಅರಿತ ಸೀಮೆಯವರು, ಮೆರವಣಿಗೆಯಲ್ಲಿ ತೊಡಿಸಿದ ಹಣೆಪಟ್ಟಿ, ಜೂಲು, ಅಣಸುಗಳನ್ನು ಓಟಕ್ಕೆ ಮುನ್ನ ಬಿಚ್ಚಿಡಬೇಕೆಂಬುದನ್ನು ಹೇಳಿಸಿಕೊಳ್ಳಬೇಕಾಗಿರಬಾರದು.

ಇನ್ನು ಗಾಳಿಯ ಮಾತು. ಗಾಡಿಯ ವೇಗ ಎರಡರಷ್ಟಾದರೆ ಅದರ ಎದುರಿನ ಹಲಗೆಯ ಮೇಲೆ ಗಾಳಿಯ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಒಂದು ಚದರ ಮೀಟರ್ ಅಗಲದ ಹಲಗೆಯನ್ನು ಗಾಳಿಗೆ ಎದುರಾಗಿ ಕಟ್ಟಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋದರೆ ಗಾಳಿ ಅದನ್ನು ಸುಮಾರು ಎರಡು ಕಿಲೋ ಭಾರದಷ್ಟು ತಳ್ಳುತ್ತದೆ. 40ರ ವೇಗದಲ್ಲಿ ಸುಮಾರು ಒಂಬತ್ತು ಕಿಲೋ, 60ರಲ್ಲಿ ಇಪ್ಪತ್ತು ಕಿಲೋ. ಎಂಟಡಿ ನಾಲ್ಕಡಿಯ ಒಂದು ಫ್ಲೆಕ್ಸ್ ಸುಮಾರು ಮೂರು ಚದರ ಮೀಟರ್. ಲಾರಿಯ ಮೂತಿಗೆ ಅದನ್ನು ಕಟ್ಟಿ ಹೆದ್ದಾರಿಯಲ್ಲಿ 60ರ ವೇಗದಲ್ಲಿ ಹೋಗುವವನು ಅರುವತ್ತು ಕಿಲೋ ಬಲವನ್ನು ನಾಲ್ಕು ಸಣಬಿನ ಗಂಟುಗಳ ಮೇಲೆ ಹೊರಿಸಿರುತ್ತಾನೆ, ಎದುರುಗಾಳಿ ಬೀಸಿದರೆ ಇನ್ನೂ ಹೆಚ್ಚು. ಎಷ್ಟೋ ಮೆರವಣಿಗೆಯ ವಾಹನಗಳು ಕೆಡುವುದು ಮೆರವಣಿಗೆಯಲ್ಲಲ್ಲ, ಅದು ಮುಗಿದು ಊರಿಗೆ ಹಿಂದಿರುಗುವ ದಾರಿಯಲ್ಲಿ. ಕಟ್ಟಿದ್ದನ್ನು ಬಿಚ್ಚುವ ತಾಳ್ಮೆ ಆಗ ಯಾರಿಗೂ ಉಳಿದಿರುವುದಿಲ್ಲ. ಆಯುಧಪೂಜೆಯ ಮರುದಿನ ಬಾಳೆಕಂದುಗಳು ಕನ್ನಡಿಯನ್ನು ಮರೆಮಾಡಿ, ಹೂಮಾಲೆಗಳು ಹೆಡ್‌ಲೈಟನ್ನು ಮುಚ್ಚಿ, ಒಣಗಿದ ಎಲೆಗಳು ರೇಡಿಯೇಟರಿನ ಗಾಳಿಯನ್ನು ತಡೆದು ಓಡಾಡುವ ಬಸ್ಸು ಲಾರಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ವಾಹನವನ್ನು ಪೂಜಿಸಿದ ಕೈಯೇ ಅದರ ಕಣ್ಣು ಕಟ್ಟಬಾರದು.

ಭದ್ರವಾಗಿ ಕಟ್ಟುವುದೆಂದರೆ ದುಬಾರಿಯ ಕೆಲಸವೆಂಬ ತಪ್ಪು ಕಲ್ಪನೆಯೊಂದಿದೆ. ಟ್ರ್ಯಾಕ್ಟರಿನ ಟ್ರೇಲರಿಗೆ ಆಕೃತಿಯೊಂದನ್ನು ನಿಲ್ಲಿಸಬೇಕಾದರೆ ಬೇಕಾಗುವುದು ಮೊದಲು ಅದಕ್ಕೊಂದು ಒಳಗಿನ ಎಲುಬು: ಸರ್ವೆ ಮರದ್ದೋ ಕಬ್ಬಿಣದ ಕೊಳವೆಯದ್ದೋ ಚೌಕಟ್ಟು, ಆ ಚೌಕಟ್ಟು ಟ್ರೇಲರಿನ ತಗಡಿನ ಹಲಗೆಗಲ್ಲ, ಕೆಳಗಿನ ಚಾಸಿಗೆ ಬೋಲ್ಟಿನಿಂದ ಸೇರಬೇಕು. ಬೋಲ್ಟಿನ ತಲೆ ತಗಡನ್ನು ಹರಿದು ಹೊರಬರದಂತೆ ಅಗಲವಾದ ವಾಷರ್, ಅದುರಾಟಕ್ಕೆ ಬಿಚ್ಚಿಹೋಗದಂತೆ ನೈಲಾನ್ ಒಳಪದರದ ನಟ್ಟು ಅಥವಾ ಎರಡು ನಟ್ಟು. ಬಿಸಿಲಿನಲ್ಲಿ ಒಣಗಿ ಸಿಡಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ಮಾಲೆಗೆ ಬಳಸಲಿ, ಆಕೃತಿಯನ್ನು ಹಿಡಿಯಲು ಬೇಡ. ಒಂದು ಕಟ್ಟು ತಪ್ಪಿದರೂ ಆಕೃತಿ ಗಾಡಿಯಿಂದ ಕಳಚಿ ಬೀಳದಂತೆ ಎರಡನೆಯದೊಂದು ತಂತಿಯ ಕಟ್ಟು ಸುಮ್ಮನೆ ಸಡಿಲವಾಗಿ ಇರಲಿ. ಹೊಗೆಕೊಳವೆಯ ಸಮೀಪದಲ್ಲಿ ಥರ್ಮಾಕೋಲ್, ಬಟ್ಟೆ, ಒಣಹುಲ್ಲು ಸುಳಿಯಲೇಕೂಡದು. ಟ್ರ್ಯಾಕ್ಟರಿನ ಸೈಲೆನ್ಸರ್ ಮೂತಿಯ ಮೇಲೆಯೇ ನಿಂತಿರುವುದರಿಂದ ನಮ್ಮ ತರುಣರು ಅಲಂಕಾರವನ್ನು ಆರಂಭಿಸುವುದೂ ಅಲ್ಲಿಂದಲೇ, ಬೆಂಕಿಯ ಭಯವಿರುವುದೂ ಅಲ್ಲಿಯೇ. ಸೀರಿಯಲ್ ಸೆಟ್ಟಿನ ತಂತಿ ಕಬ್ಬಿಣದ ಅಂಚಿಗೆ ಉಜ್ಜಿ ಸಿಪ್ಪೆ ಬಿಟ್ಟರೆ ಇಡೀ ಗಾಡಿ ವಿದ್ಯುತ್ತನ್ನು ಹೊರುತ್ತದೆ. ಆದುದರಿಂದ ಅದು ಕೊಳವೆಯೊಳಗೆ ಹಾಯಲಿ, ಜನರೇಟರಿನ ಬಳಿ ಬೆಂಕಿ ಆರಿಸುವ ಸಿಲಿಂಡರೊಂದು ಇರಲಿ. ಇವೆಲ್ಲಕ್ಕೂ ಸೇರಿ ತಗಲುವ ಹಣ ಆರ್ಕೆಸ್ಟ್ರಾಕ್ಕೋ ಪಟಾಕಿಗೋ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ಕೊರತೆಯಿರುವುದು ಹಣಕ್ಕಲ್ಲ, ವೇಳೆಗೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಆರಂಭಿಸಿ ಮುಂಜಾವಿಗೆ ಮುಗಿಸಿದ ಅಲಂಕಾರವನ್ನು ಯಾರೂ ಒಮ್ಮೆ ಅಲುಗಿಸಿಯೂ ನೋಡಿರುವುದಿಲ್ಲ.

ಎತ್ತರದ ವಿಷಯದಲ್ಲಿ ಅಂದಾಜು ನಡೆಯದು. ನಿಯಮದ ಪ್ರಕಾರ ರಸ್ತೆಗೆ ಅಡ್ಡವಾಗಿ ಹಾಯುವ ಮನೆಬಳಕೆಯ ವಿದ್ಯುತ್ ತಂತಿ ನೆಲದಿಂದ 5.8 ಮೀಟರ್, 11 ಕಿಲೋವೋಲ್ಟ್ ತಂತಿ 6.1 ಮೀಟರ್ ಎತ್ತರದಲ್ಲಿರಬೇಕು. ಆದರೆ ತಂತಿ ಬಿಸಿಲಿಗೆ ಜೋಲುತ್ತದೆ, ಕಂಬ ವಾಲುತ್ತದೆ, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಮೇಲೇರುತ್ತದೆ. ಹೋದ ವರ್ಷ ದಾಟಿದ ಗಾಡಿ ಈ ವರ್ಷ ದಾಟೀತೆಂಬ ಭರವಸೆಯಿಲ್ಲ. ನಾಗಮಂಗಲದ ಕಡೆಯ ಕಿರಿದಾದ ಹಳ್ಳಿಬೀದಿಗಳಲ್ಲಿ, ಪಾಂಡವಪುರದ ನಾಲಾ ಏರಿಯ ದಾರಿಗಳಲ್ಲಿ ಒಣಬಿದಿರಿನ ಅಳತೆಗೋಲು ಹಿಡಿದು ಮುನ್ನಾದಿನವೇ ದಾರಿಯನ್ನು ನಡೆದು ನೋಡಿ, ಅಗತ್ಯವಿದ್ದ ಕಡೆ ವಿದ್ಯುತ್ ನಿಗಮವಾದ ಸೆಸ್ಕ್‌ನ ಕಚೇರಿಗೆ ಬರೆದು ಸರಬರಾಜನ್ನು ನಿಲ್ಲಿಸುವಂತೆ ಕೇಳಿಕೊಳ್ಳುವುದು ಸಂಘಟಕರ ಕರ್ತವ್ಯ. ತಂತಿಯನ್ನು ಕೋಲಿನಿಂದ ಎತ್ತಿಹಿಡಿದು ಗಾಡಿಯನ್ನು ದಾಟಿಸುವ ಪದ್ಧತಿ ಇಂದಿನಿಂದಲೇ ನಿಲ್ಲಬೇಕು.

ಅಪಘಾತವಾದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಈ ಆಡಂಬರವನ್ನೆಲ್ಲ ಪೊಲೀಸರು ನಿಷೇಧಿಸಬೇಕೆನ್ನುವುದು ಒಂದು. ದೇವರ ಕಾರ್ಯಕ್ಕೆ ದೇವರೇ ಕಾವಲೆನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದ ಕಾಲದಿಂದ ಇಂದು ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಮೆರವಣಿಗೆಯವರೆಗೆ, ಜನ ತಮ್ಮ ಬಾಳಿನ ಹೆಮ್ಮೆಯನ್ನು ಗಾಡಿಯ ಮೇಲೆ ಹೊತ್ತು ಬೀದಿಯಲ್ಲಿ ತೋರಿಸಿಕೊಂಡು ಬಂದಿದ್ದಾರೆ. ಸ್ತಬ್ಧಚಿತ್ರಗಳಿಲ್ಲದ ದಸರೆಯನ್ನಾಗಲಿ, ಸಿಂಗರಿಸಿದ ಗಾಡಿಯಿಲ್ಲದ ಜಾತ್ರೆಯನ್ನಾಗಲಿ ನಮ್ಮ ಮಕ್ಕಳಿಗೆ ಬಿಟ್ಟುಹೋಗಲು ನನಗೆ ಮನಸ್ಸಿಲ್ಲ. ದೇವರ ಕಾವಲಿನ ಮಾತಿಗೆ ಉತ್ತರ ಗೊದಮೊಟ್ಟೆ ಹಿಡಿದವನ ಕೈಯಲ್ಲಿದೆ: ದೇವರ ತೇರಿಗೇ ಮನುಷ್ಯ ಕಾವಲು ನಡೆಯುತ್ತಾನೆ. ನಿಷೇಧವೂ ಉಪೇಕ್ಷೆಯೂ ಸೋಮಾರಿತನದ ಎರಡು ಬಗೆಗಳು. ಪರಿಶೀಲನೆಯೇ ಶ್ರಮದ ಮಾರ್ಗ, ಸರಿಯಾದ ಮಾರ್ಗ.

ಆದಕಾರಣ ಹೇಮಗಿರಿಯ ಜಾತ್ರೆಯನ್ನು, ಬೇಬಿಬೆಟ್ಟದ ದನಗಳ ಜಾತ್ರೆಯನ್ನು, ಶ್ರೀರಂಗಪಟ್ಟಣದ ದಸರೆಯನ್ನು ನಡೆಸುವ ಸಮಿತಿಗಳಲ್ಲಿಯೂ, ಅವುಗಳ ಬೆನ್ನಿಗೆ ನಿಂತ ತಹಶೀಲ್ದಾರರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು. ಉತ್ತಮ ರಾಸುಗಳಿಗೆ ಬಹುಮಾನ ಕೊಡುವಂತೆ, ಚೆನ್ನಾಗಿ ಭದ್ರವಾಗಿ ಕಟ್ಟಿದ ಗಾಡಿಗೂ ಬಹುಮಾನವಿಡಿ. ಓಟಕ್ಕೂ ಮೆರವಣಿಗೆಗೂ ಒಂದು ಗಂಟೆ ಮುಂಚಿತವಾಗಿ ಅಲಂಕೃತ ಗಾಡಿಗಳೆಲ್ಲ ಒಂದೆಡೆ ನಿಲ್ಲಲಿ. ಊರಿನ ಅನುಭವಿ ಬಡಗಿಯೊಬ್ಬ, ಮೆಕ್ಯಾನಿಕ್ ಒಬ್ಬ, ಪಶುವೈದ್ಯರೊಬ್ಬರು ಕೂಡಿ ಪ್ರತಿಯೊಂದು ಕಟ್ಟನ್ನೂ ಕೈಯಿಂದ ಜಗ್ಗಿ, ಪ್ರತಿಯೊಂದು ಜೋಡಿಯ ಕೊರಳನ್ನೂ ಮುಟ್ಟಿ ನೋಡಲಿ. ಅವರು ಬೇಡವೆಂದ ಗಾಡಿಯನ್ನು, ಅದು ಯಾವ ಮುಖಂಡನ ಊರಿನದೇ ಆಗಿರಲಿ, ಯಾರ ಚಿತ್ರವನ್ನೇ ಹೊತ್ತಿರಲಿ, ಕಣಕ್ಕೆ ಬಿಡಬೇಡಿ.